ಕಾಕಾನ ಒಂಟಿ ನೊಗ

ಹಳೆಯ ಕೊಟ್ಟಿಗೆ ಇಳಿಸುವಾಗ ನಾವು ಮೂವರಿದ್ದೆವು: ನಾನು, ನನ್ನ ಹೆಂಡತಿ, ಹುಮನಾಬಾದಿನಿಂದ ಬಂದಿದ್ದ ಬಡಿಗ. ಅಟ್ಟದ ಮೇಲಿಂದ ಧೂಳಿನ ಜತೆ ಗಿಡ್ಡದೊಂದು ನೊಗ ಬಿತ್ತು. ಎತ್ತಿನ ಕುತ್ತಿಗೆ ಕೂರುವಲ್ಲಿ ಸವೆದು ನುಣುಪಾಗಿತ್ತು. ಮೂಗಿಗೆ ಹಿಡಿದರೆ ಬೆವರು, ಬೇವಿನೆಣ್ಣೆ...

"ಇದರ ಇನ್ನರ್ಧ ಎಲ್ಲದರಿ?" ಬಡಿಗ ಕೇಳಿದ.

ನನಗೆ ಕಾಕಾ ನೆನಪಾದರು. ರಕ್ತಸಂಬಂಧವೇನಿರಲಿಲ್ಲ. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಬದುವಿತ್ತು, ಅಷ್ಟೇ. ನಿಜಾಮರ ಕಾಲದಲ್ಲಿ ಶಾಲೆ ಕಲಿತವರು, ಓದಲು ಬರುತ್ತಿದ್ದುದು ಉರ್ದು ಮಾತ್ರ. ಬಸವಕಲ್ಯಾಣದ ಸಂತೆಗೆ ಹೋದರೆ ಹೈದರಾಬಾದಿನ ಉರ್ದು ಪೇಪರು ತರುತ್ತಿದ್ದರು. ಸಂಜೆ ಚಾವಡಿಯ ರೇಡಿಯೋದಲ್ಲಿ ಉರ್ದು ಸುದ್ದಿ ಬಂದರೆ, ಕೇಳಿ ನಮಗೆಲ್ಲ ಕನ್ನಡದಲ್ಲಿ ಹೇಳುವವರೂ ಅವರೇ. ಜಗತ್ತಿನ ರಾಜರು ಮಂತ್ರಿಗಳೆಲ್ಲ ಅವರ ಬಾಯಲ್ಲಿ ನಮ್ಮೂರ ಮಂದಿಯ ಹಾಗೆಯೇ ಮಾತಾಡುತ್ತಿದ್ದರು.

ಆಗ ನಮ್ಮಲ್ಲಿ ಕೂಡೆತ್ತಿನ ಪದ್ಧತಿ. ಒಂದೇ ಎತ್ತಿದ್ದವರು ಇನ್ನೊಬ್ಬರ ಒಂಟಿ ಎತ್ತಿನ ಜತೆ ಹೂಡಬೇಕು. ಕಾಕಾನ ಎತ್ತು, ನಮ್ಮ ಅಪ್ಪನ ಎತ್ತು ಜೋಡಿ. ಎರೆಮಣ್ಣಿನಲ್ಲಿ ಕರಿಕೆ ಹುಲ್ಲು ಹಬ್ಬಿದರೆ ಆ ಜೋಡಿಯೂ ಸಾಲದು, ಎಂಟೆತ್ತಿನ ದೊಡ್ಡ ನೇಗಿಲೇ ಬೇಕು. ಅದಿದ್ದುದು ಊರ ಪಾಟೀಲರ ಮನೆಯಲ್ಲಿ. ಎಲ್ಲರೂ ಎತ್ತು ತಂದು ಕೂಡಿಸಬೇಕು, ಯಾರ ಹೊಲ ಮೊದಲು ಎಂಬುದನ್ನು ಪಾಟೀಲರು ಹೇಳಬೇಕು. ಕಾಕಾನ ಹೊಲ ಪ್ರತಿ ಬೇಸಿಗೆಯೂ ಕೊನೆಗೆ. ಅಷ್ಟರಲ್ಲಿ ಅಡ್ಡಮಳೆ ಬಿದ್ದು ನೆಲ ಹಸಿಯಾಗಿ ನೇಗಿಲು ನಿಲ್ಲುತ್ತಿತ್ತು. ಕರಿಕೆ ವರ್ಷವರ್ಷವೂ ಅವರ ಹೊಲವನ್ನು ನುಂಗುತ್ತಿತ್ತು.

ಅರವತ್ತಾರನೇ ಇಸವಿಯಲ್ಲಿ, ಹೋಳಿ ಮುಗಿದ ಮೇಲೆ, ರೇಡಿಯೋ ಮುಂದೆ ಕೂತಿದ್ದ ಕಾಕಾ ತೊಡೆ ತಟ್ಟಿದರು.

"ಫ್ರಾನ್ಸಿನ ಪ್ರೆಸಿಡೆಂಟ್, ಆ ಎತ್ತರದ ಮುದುಕ, ಅಮೆರಿಕದವರಿಗಿ ಏನ್ ಹೇಳ್ಯಾನ ಕೇಳ್ರಿ! ದೋಸ್ತಿ ಇರ್ಲಿ, ಖರೇ ನನ್ನ ಫೌಜು ನಿಮ್ಮ ಹುಕುಂನಾಗ ಇರಂಗಿಲ್ಲ. ನಿಮ್ಮ ಫೌಜು ತಗೊಂಡು ನಮ್ಮ ನೆಲ ಬಿಟ್ಟು ನಡೀರಿ ಅಂತ. ಕೂಟ ಬಿಟ್ಟಿಲ್ಲ, ಹಗ್ಗ ಬಿಡಿಸ್ಕೊಂಡಾನ."

ಆಮೇಲೆ ಪಾಟೀಲರ ಕಡೆ ತಿರುಗಿದರು. "ಪಾಟೀಲ್ರ, ನಂದೂ ಅದೇ ಮಾತ್ರಿ. ಎತ್ತು ಕೊಡ್ತೀನಿ. ಯಾರ ಹೊಲ ಯಾವಾಗಂತ ಎಲ್ಲಾರೂ ಕೂಡಿ ಪಾಳಿ ಹಚ್ಚೋಣ."

ಪಾಟೀಲರು ಸಿಟ್ಟಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ ನಕ್ಕರು. "ಭೇಷ್! ಆ ಮುದುಕನ ಬಲ್ಲಿ ತನ್ನದೇ ಅಣುಬಾಂಬ್ ಅದ. ನಿನ್ನ ಬಲ್ಲಿ ಏನದಪಾ? ಒಂದು ಎತ್ತು."

ಚಾವಡಿ ಗೊಳ್ಳೆಂದಿತು. ಅಂದಿನಿಂದ ಅವರು 'ಫ್ರಾನ್ಸ್ ಕಾಕಾ' ಆದರು.

ಕಾಕಾ ಮನೆಮನೆಗೆ ಹೋಗಿ, ಎತ್ತು ಕೂಡಿಸಿ ಬೇರೆ ನೇಗಿಲು ಹೂಡೋಣ ಎಂದರು. ಎಲ್ಲರೂ ಹ್ಞೂಂ ಅಂದರು. ಹೂಡುವ ದಿನ ಒಬ್ಬನ ಎತ್ತು ಕುಂಟಿತು, ಇನ್ನೊಬ್ಬನಿಗೆ ಬೀಗರು ಬಂದರು... ನಮ್ಮ ಅಪ್ಪ ಮಾತ್ರ ಬದುವಿನ ಮೇಲೆ ನಿಂತು ನಿಜ ಹೇಳಿದ.

"ಕಾಕಾ, ನಾ ಪಾಟೀಲರ ಕಡಿಗೇ ಹೋಗ್ತೀನಿ. ನನ್ನ ಹೊಲಾನೂ ಹೂಡಬೇಕಲ್ಲ."

"ಹೋಗಪಾ," ಎಂದರು ಕಾಕಾ. "ಸಣ್ಣ ದೇಶದವರು ಹಂಗೇ ಮಾಡ್ತಾರ. ತಪ್ಪಲ್ಲ."

ಆ ವಾರವೇ ಒಂದೇ ಎತ್ತಿಗಾಗುವ ಈ ನೊಗವನ್ನು ಮಾಡಿಸಿದರು. ಹಗುರ ಕುಂಟೆ ಕಟ್ಟಿ ಒಬ್ಬರೇ ಹೊಡೆದರು. ಮೇಲಿನ ಮಣ್ಣು ಕೆದರಿತೇ ಹೊರತು ಕರಿಕೆಯ ಬೇರು ಅಲುಗಲಿಲ್ಲ. ಮಳೆ ಬಿದ್ದ ಮೇಲೆ ಜೋಳಕ್ಕಿಂತ ಮೊದಲು ಕರಿಕೆ ಎದ್ದಿತು. ಮೂರು ವರ್ಷ ಹಾಗೇ ನಡೆಯಿತು. ಸಂಜೆ ಚಾವಡಿಗೆ ಬಂದು ಸುದ್ದಿ ಹೇಳುವುದನ್ನು ಮಾತ್ರ ಅವರು ಬಿಡಲಿಲ್ಲ. ದನಿ ಮಾತ್ರ ಸಣ್ಣದಾಗುತ್ತ ಹೋಯಿತು.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಅದೇ ರೇಡಿಯೋ ಹೇಳಿತು: ಫ್ರಾನ್ಸಿನ ಮುದುಕ ಮಂದಿಯ ಮತ ಕೇಳಿ ಸೋತಿದ್ದಾನೆ, ಕುರ್ಚಿ ಬಿಟ್ಟು ಊರಿಗೆ ಹೋಗಿದ್ದಾನೆ.

"ದಣದಿದ್ದ ಕಾಣ್ತದ," ಎಂದರು ಕಾಕಾ. ಎದ್ದು ಧೋತರ ಕೊಡವಿಕೊಂಡು ಮನೆಗೆ ನಡೆದರು.

ಅದೇ ಬೇಸಿಗೆ ಪಾಟೀಲರು ಟ್ರ್ಯಾಕ್ಟರ್ ತಂದರು. ದೊಡ್ಡ ನೇಗಿಲು ಗೋಡೆಗೆ ಒರಗಿತು, ಅವರಿಗೆ ಯಾರ ಎತ್ತೂ ಬೇಡವಾಯಿತು, ನಮ್ಮಂಥವರ ಹೊಲ ಹೂಡದೆ ಉಳಿಯಿತು. ಅಪ್ಪ ಕಾಕಾನ ಬಾಗಿಲಿಗೆ ಹೋಗಿ ನಿಂತ. ಏನು ಕೇಳಲು ಬಂದಿದ್ದಾನೆಂದು ಅವರಿಗೆ ಗೊತ್ತಿತ್ತು, ಅವನು ಬಾಯಿಬಿಟ್ಟು ಕೇಳುವ ತನಕ ಕಾಯಲಿಲ್ಲ. "ನಡಿ, ಹೂಡೋಣ" ಎಂದರು.

ಮರುದಿನ ಎರಡೂ ಎತ್ತುಗಳನ್ನು ಹಳೆಯ ಜೋಡಿನೊಗಕ್ಕೆ ಕಟ್ಟಿದರು. ಕಾಕಾನ ಎತ್ತು ನಾಲ್ಕು ಹೆಜ್ಜೆ ಇಟ್ಟು ಹೊರಗೆಳೆಯಿತು. ಮತ್ತೆ ಹೂಡಿದರೆ ಮತ್ತೆ ಎಳೆಯಿತು. ಅಪ್ಪ ಬಾರುಕೋಲು ಎತ್ತಿದಾಗ ಕಾಕಾ ಅವನ ಕೈ ಹಿಡಿದರು.

"ಬಿಡು. ಅದಕ್ಕ ಒಬ್ಬಂಟಿ ರೂಢಿ ಆಗ್ಯದ. ನಾನೇ ಕಲಿಸೀನಿ."

ಆಮೇಲೆ ಎರಡೂ ಹೊಲಗಳಿಗೆ ಇದೊಂದೇ ನೊಗ. ಒಂದು ದಿನ ಅವರ ಎತ್ತಿನ ಕುತ್ತಿಗೆಗೆ, ಮರುದಿನ ನಮ್ಮದರ ಕುತ್ತಿಗೆಗೆ. ಬದು ದಾಟಿ ಹೋಗುತ್ತಿತ್ತು, ಬರುತ್ತಿತ್ತು. ಪಾಳಿಗಾಗಿ ಒಂದು ದಿನವೂ ಜಗಳವಾಗಲಿಲ್ಲ. ಕಾಕಾ ತೀರಿಕೊಂಡ ದಿನ ನೊಗ ನಮ್ಮ ಮನೆಯಲ್ಲಿತ್ತು. ಯಾರೂ ಕೇಳಲು ಬರಲಿಲ್ಲ...

ಅವರ ಹೊಲದಲ್ಲಿ ಈಗ ಬೇರೆಯವರ ಕಬ್ಬು. ಚಾವಡಿಯ ರೇಡಿಯೋ ಎಲ್ಲಿ ಹೋಯಿತೋ.

"ಇನ್ನರ್ಧ ಇಲ್ಲಪಾ," ಎಂದೆ ಬಡಿಗನಿಗೆ. "ಇದು ಇಷ್ಟೇ."

ಅವನು ಕಟ್ಟಿಗೆ ತಟ್ಟಿ ನೋಡಿ, ಇನ್ನೂ ಗಟ್ಟಿ ಅದರಿ, ಅಂದ. ಸಂಜೆಗೆ ಕೊಟ್ಟಿಗೆ ನೆಲಸಮವಾಯಿತು. ಹೋಗುವ ಮುಂಚೆ ಅವನು ಆ ನೊಗವನ್ನು ಕೆತ್ತಿ, ನಮ್ಮ ಹಿತ್ತಿಲ ಬಾಗಿಲಿಗೆ ಅಗುಳಿ ಮಾಡಿಕೊಟ್ಟ.