ನೀಲಿ ಬಣ್ಣದ ಮಿಲಿಟರಿ ಪಿಕಪ್ಪು

ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿದರೆ ನಿಮಗೆ ಯಾರು ನೆನಪಾಗುತ್ತಾರೋ ಗೊತ್ತಿಲ್ಲ. ಹೆಚ್ಚಿನವರಿಗೆ ಅಜ್ಜನೋ ಅಜ್ಜಿಯೋ ನೆನಪಾಗಬಹುದು. ನನಗೆ ಒಂದು ಮಿಲಿಟರಿ ಪಿಕಪ್ಪು ನೆನಪಾಗುತ್ತದೆ. ಹೋದ ತಿಂಗಳು ಪೆರೇಸಂದ್ರದಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸೊಂಟದ ಚೀಲ ಬಿಚ್ಚಿ, ಒಂದು ಎಸಳು ಹರಿದು, ಸುಣ್ಣ ಸವರಿ ಅಂಗೈಯಲ್ಲಿ ತಿಕ್ಕತೊಡಗಿದರು. ನನಗೂ ಬೇಕೇನೋ ಎನ್ನುವಂತೆ ನೋಡಿದರು. ಬೇಡವೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿಕೊಂಡೆ. ಮೂವತ್ತು ವರ್ಷಕ್ಕೂ ಹಳೆಯದಾದ ನಾಚಿಕೆಯೊಂದು ಎದೆಯಲ್ಲಿ ಎದ್ದು ಕೂತಿತು. ಅದೇನೆಂದು ಹೇಳಬೇಕಾದರೆ ಮೊದಲು ಮೇಷ್ಟ್ರ ವಿಷಯ ಹೇಳಬೇಕು.

ಎಂಬತ್ತರ ದಶಕದ ಕೊನೆ. ನಾನು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯವನು, ಕಡಲೆಕಾಯಿ ಬೆಳೆಯುವವರ ಮನೆಯವನು. ಗುಮಾಸ್ತನ ಕೆಲಸ ಸಿಕ್ಕಿ ಶಿಡ್ಲಘಟ್ಟಕ್ಕೆ ಬಂದಾಗ ನನಗೆ ಇಪ್ಪತ್ತಾರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಮುನಿಶಾಮಪ್ಪ ಮೇಷ್ಟ್ರ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆಯೆಂದು ಯಾರೋ ಹೇಳಿದರು. ಹೋದೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದ ಮೊಳೆಗೆ ಒಂದು ಹಳೆಯ ಫ್ಯಾನ್ ಬೆಲ್ಟು. ಮೇಷ್ಟ್ರು ಮಾತ್ರ ಒಳಗಿರಲಿಲ್ಲ. ಹಿತ್ತಲಲ್ಲಿ ಗಾಡಿಯೊಂದರ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲಿನ ಜೊತೆಗೇ ಮಾತಾಡಿ ಕೋಣೆ ಗೊತ್ತುಮಾಡಿಕೊಂಡೆ. ಮಾತು ಮುಗಿದ ಮೇಲೆ, "ಅಲ್ಲಿ ಗೋಣಿ ಮೇಲೆ ಹದಿನಾಲ್ಕು-ಹದಿನೈದು ಸ್ಪ್ಯಾನರ್ ಐತೆ, ಎತ್ಕೊಡಪ್ಪ" ಎಂದರು. ಎತ್ತಿಕೊಟ್ಟೆ. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಅದು ಮಿಲಿಟರಿಯವರು ಬಳಸಿ ಬಿಟ್ಟ ಪಿಕಪ್ಪು. ಮುಂದೆ ಕೂರುವ ಜಾಗ, ಹಿಂದೆ ಸಾಮಾನು ತುಂಬುವ ತೊಟ್ಟಿ, ಅದರ ಮೇಲೆ ಟಾರ್ಪಾಲು. ಬೆಂಗಳೂರಿನ ಹರಾಜಿನಲ್ಲಿ ಕೊಂಡು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರಂತೆ. ಬಾನೆಟ್ ಎತ್ತಿ ನೋಡಿದರೆ ಇಲಿಯೊಂದು ಮಕ್ಕಳುಮರಿಗಳೊಂದಿಗೆ ಸಂಸಾರ ಹೂಡಿತ್ತು. ಗಾಡಿ ನೋಡಿದ ಬೀದಿಯವರು ಮೇಷ್ಟ್ರು ಸೈನ್ಯದಲ್ಲಿದ್ದವರೆಂದೇ ತಿಳಿದು ಮಿಲಿಟರಿ ಮೇಷ್ಟ್ರು ಎಂದು ಕರೆಯತೊಡಗಿದರು. ಅವರೋ, ಬಂದೂಕಿನ ಮಾತಿರಲಿ, ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಪ್ರಾಣಿ.

"ಈ ಹಳೇ ಕಬ್ಬಿಣ ಯಾಕೆ ಸಾರ್ ನಿಮಗೆ?" ಎಂದು ಒಮ್ಮೆ ಕೇಳಿದ್ದೆ.

ಗ್ರೀಸ್ ಮೆತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಂಡರು. "ನೋಡಪ್ಪ, ಈಗಿನ ಸಾಮಾನೆಲ್ಲ ಕೆಟ್ರೆ ಬಿಸಾಕ್ಲಿ ಅಂತ ಮಾಡ್ತಾರೆ. ಇದನ್ನ ಮಾಡ್ದೋನು, ಯಾವನೋ ಕಾಡಲ್ಲಿ ಒಬ್ನೇ ಸಿಕ್ಕಾಕ್ಕೊಂಡ್ರೆ ಬಿಚ್ಚಿ ಸರಿ ಮಾಡ್ಕೊಳ್ಲಿ ಅಂತ ಮಾಡವ್ನೆ. ಎಲ್ಲಾ ಬೋಲ್ಟಿಗೂ ಕೈ ಹೋಗ್ತದೆ. ನಮಗೆ ಅಷ್ಟು ಮರ್ಯಾದೆ ಕೊಟ್ಟಿರೋ ಗಾಡಿಗೆ ನಾವೂ ಒಂದಿಷ್ಟು ಕೊಡ್ಬೇಕಲ್ವಾ?"

ಅವರ ಕೆಲಸದ ಕ್ರಮವೇ ಬೇರೆ. ಭಾನುವಾರ ಉಪ್ಪಿಟ್ಟು ತಿಂದು ಹಿತ್ತಲಿಗೆ ಬಂದರೆ ಮೊದಲು ಹಾಜರಿ. ಗೋಣಿಯ ಮೇಲೆ ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಒಂದೊಂದರ ನಂಬರನ್ನೂ ಕೂಗುವರು. ಪ್ರತಿ ನಂಬರಿಗೂ "ಬಂದಿದ್ದೀನಿ ಸಾರ್" ಎಂದು ನಾನು ಹೇಳಬೇಕು. ಸರ್ಕಾರಿ ನೌಕರ, ಮದುವೆಗೆ ಹೆಣ್ಣು ನೋಡುತ್ತಿದ್ದ ಗಂಡು, ಹಿತ್ತಲಲ್ಲಿ ಕೂತು ಸ್ಪ್ಯಾನರಿನ ಪರವಾಗಿ ಹಾಜರಿ ಹೇಳುವುದು ಮೊದಮೊದಲು ಸಂಕೋಚವೆನಿಸಿತು. ತಿಂಗಳು ಕಳೆಯುವುದರೊಳಗೆ, ಯಾವುದಾದರೂ ಕಾಣದಿದ್ದರೆ "ರಜೆ ಚೀಟಿ ಕಳ್ಸವ್ನೆ ಸಾರ್" ಎನ್ನುವಷ್ಟು ಪಳಗಿದೆ. ಸಂಜೆ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಹಾಜರಿ. "ಒಬ್ಬ ಎಂಜಿನ್ ಒಳಗೇ ಉಳ್ಕೊಂಡ್ರೂ ನಮ್ಮನ್ನ ಫೇಲ್ ಮಾಡ್ಬಿಡ್ತಾನೆ" ಎನ್ನುತ್ತಿದ್ದರು.

ಚಿಂತಾಮಣಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬ್ರೇಕ್ ಡ್ರಮ್ಮು ತಂದೆವು. ಕಾರ್ಬೊರೇಟರನ್ನು ಬಿಚ್ಚಿ ತೊಳೆದು ಕೂಡಿಸಿದೆವು. ಕೂಡಿಸಿದ ಮೇಲೆ ಮೂರು ಸಣ್ಣ ತಿರುಪು ಮಿಕ್ಕಿದ್ದರಿಂದ ಮತ್ತೆ ಬಿಚ್ಚಿದೆವು. ಒಂದು ಭಾನುವಾರ ಎಂಜಿನ್ನು ಗೊರಗೊರ ಎಂದು ಕೆಮ್ಮಿ ಎದ್ದಾಗ ಮೇಷ್ಟ್ರು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅದಾದ ಮೇಲೆ ಎಲ್ಲಿಗೂ ಹೋಗದಿದ್ದರೂ ಪ್ರತಿ ಭಾನುವಾರ ಕಾಲು ಗಂಟೆ ಎಂಜಿನ್ ಓಡಿಸುವುದು ನೇಮವಾಯಿತು. ನಿಂತ ಗಾಡಿ ಬೇಗ ಸಾಯುತ್ತದೆಂದು ಅವರ ನಂಬಿಕೆ. ಪೆಟ್ರೋಲನ್ನು ಅದು ಕುಡಿಯುತ್ತಿದ್ದ ರೀತಿ ನೋಡಿದರೆ ಆನೆ ಸಾಕುವುದೇ ಸುಲಭವೆನಿಸುತ್ತಿತ್ತು.

ಬಣ್ಣದ ವಿಷಯದಲ್ಲಿ ಮಾತ್ರ ಮೇಷ್ಟ್ರಿಗೆ ನಿರಾಸೆಯಾಯಿತು. ಮಿಲಿಟರಿಯವರ ಹಸಿರನ್ನು ನಮ್ಮಂಥವರ ಗಾಡಿಗೆ ಬಳಿಯುವಂತಿಲ್ಲ, ಅದು ಕಾನೂನು. ಒಂದು ವಾರ ಮಂಕಾಗಿದ್ದು, ಕೊನೆಗೆ ಆಕಾಶನೀಲಿ ತಂದರು. ಹಿಂಬಾಗಿಲಿನ ಒಳಮೈಯಲ್ಲಿ ಯಾವನೋ ಸಿಪಾಯಿ ಮೊಳೆಯಿಂದ ಸಾಲಾಗಿ ಗೀಟು ಹಾಕಿದ್ದ. ಬಹುಶಃ ರಜೆಗೆ ಉಳಿದ ದಿನಗಳನ್ನು ಎಣಿಸಿರಬೇಕು. ಆ ಅಂಗೈಯಗಲದ ಜಾಗಕ್ಕೆ ಮೇಷ್ಟ್ರು ಬ್ರಷ್ಷು ತಾಗಿಸಲಿಲ್ಲ. ಬೀದಿಯವರು ನೀಲಿ ಗಾಡಿ ಕಂಡು, ಮೇಷ್ಟ್ರು ಮಿಲಿಟರಿ ಗಾಡಿಗೆ ಸೀರೆ ಉಡಿಸವ್ರೆ ಎಂದು ನಕ್ಕರು. ಉಡಿಸಿ ಏನು ಬಂತು, ಹಿತ್ತಲು ಬಿಟ್ಟು ಹೋಗುವುದಿಲ್ಲವಲ್ಲ ಎಂದೂ ಸೇರಿಸಿದರು. ಆ ಮಾತು ಮೇಷ್ಟ್ರಿಗೆ ನಾಟಿತ್ತು. ಯಾರಿಗಾದರೂ ಒಂದು ಉಪಯೋಗಕ್ಕೆ ಬಂದರೆ ಸಾಕೆಂದು ನನ್ನೆದುರು ಎರಡು ಮೂರು ಸಲ ಹೇಳಿಕೊಂಡಿದ್ದರು.

ಇನ್ನು ನನ್ನ ಪಾಲಿನ ಕಥೆ. ತೊಟ್ಟಿಯ ತಳದ ತಗಡು ತುಕ್ಕು ತಿಂದಿದ್ದರಿಂದ ಮಾವಿನ ಹಲಗೆ ಕೂಡಿಸಿದ್ದೆವು. ಮೇಷ್ಟ್ರು ಪರೀಕ್ಷೆಯ ಪೇಪರ್ ತಿದ್ದಲು ಹತ್ತು ದಿನ ಊರಲ್ಲಿರಲಿಲ್ಲ. ಹೋಗುವಾಗ "ಹಲಗೆ ನೀನು ನೋಡ್ಕೊಳಪ್ಪ" ಎಂದಿದ್ದರು. ನಮ್ಮ ತಾತ ಹಲಗೆಗೆ ಹುಳ ಹಿಡಿಯದಂತೆ ಹೊಗೆಸೊಪ್ಪಿನ ದಂಟು ಕುದಿಸಿದ ನೀರು ಬಳಿಯುತ್ತಿದ್ದುದು ನನಗೆ ನೆನಪಾಯಿತು. ಸಂತೆಯಿಂದ ಒಂದು ಕಂತೆ ತಂದು, ಬಚ್ಚಲೊಲೆಯ ಮೇಲೆ ಕುದಿಸಿ, ಮೂರು ಸಲ ಬಳಿದು ಬಿಸಿಲಿಗೆ ಒಣಗಿಸಿದೆ. ಹಲಗೆಗೆ ಒಳ್ಳೆಯ ಕಾಫಿ ಬಣ್ಣ ಬಂತು. ವಾಸನೆ ಹೊಸ ಪೇಂಟಿನ ಘಾಟಿನಲ್ಲಿ ಮುಚ್ಚಿಹೋಯಿತು. ಮೇಷ್ಟ್ರು ಬಂದು ಹಲಗೆ ಸವರಿ ನೋಡಿ, "ಬಣ್ಣ ಚೆನ್ನಾಗಿ ಕೂತೈತೆ, ಏನು ಹಾಕ್ದೆ?" ಎಂದರು. "ನಮ್ಮ ತಾತನ ಗುಟ್ಟು ಸಾರ್" ಎಂದು ಬೀಗಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ಯಾಕೆಂದರೆ, ಶಿಡ್ಲಘಟ್ಟದಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಒಂದು ಸಂಗತಿ ನನಗೆ ಗೊತ್ತಿರಲಿಲ್ಲ. ರೇಷ್ಮೆ ಹುಳುವಿಗೆ ಹೊಗೆಸೊಪ್ಪು ಹಾಲಾಹಲ. ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರು ಬಾಯಿ ಮುಕ್ಕಳಿಸಿ ಕೈ ತೊಳೆಯದೆ ಹುಳದ ಮನೆಯ ಹತ್ತಿರ ಸುಳಿಯುವುದಿಲ್ಲ. ಕಡಲೆಕಾಯಿ ಸೀಮೆಯ ನಾನು, ಊರಿಗೆ ಬಂದು ಒಂದೂವರೆ ವರ್ಷವಾಗಿದ್ದರೂ ಒಂದು ಹುಳದ ಮನೆಯೊಳಗೂ ಕಾಲಿಟ್ಟವನಲ್ಲ.

ಪಕ್ಕದ ಮನೆಯ ಪಿಳ್ಳಕ್ಕ ಹುಳ ಮೇಯಿಸುತ್ತಿದ್ದರು. ಆ ಸಲ ಅವರ ಹುಳ ನಾಲ್ಕನೇ ಜ್ವರ ಎದ್ದಿತ್ತು. ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲು ಬಕಾಸುರನ ಹಾಗೆ ತಿನ್ನುವ ಕಾಲ. ಅಷ್ಟರಲ್ಲಿ ಅವರ ತೋಟದ ಹಿಪ್ಪುನೇರಳೆ ಸೊಪ್ಪು ಮುಗಿಯಿತು. ಚಿಂತಾಮಣಿ ರಸ್ತೆಯ ಕಡೆ ಒಂದು ತೋಟದಲ್ಲಿ ಸೊಪ್ಪಿತ್ತು, ಆದರೆ ಎತ್ತಿನ ಗಾಡಿಯಲ್ಲಿ ತರುವಷ್ಟರಲ್ಲಿ ಬಾಡಿಹೋಗುತ್ತದೆ. ಪಿಳ್ಳಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದನ್ನು ಮೇಷ್ಟ್ರು ಗೋಡೆಯಾಚೆಯಿಂದ ನೋಡಿದರು. "ಗಾಡಿ ಐತಲ್ಲಮ್ಮ, ಹೋಗಣ ನಡಿ" ಎಂದರು.

ಆ ದಿನದ ಮೇಷ್ಟ್ರ ಮುಖವನ್ನು ನಾನು ಮರೆತಿಲ್ಲ. ಸೊಪ್ಪು ತುಂಬಿ, ಬಾಡದಿರಲೆಂದು ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ನೀಲಿ ಗಾಡಿಯನ್ನು ಬೀದಿಯೊಳಕ್ಕೆ ತಂದು ಪಿಳ್ಳಕ್ಕನ ಬಾಗಿಲಲ್ಲಿ ನಿಲ್ಲಿಸಿದರು. "ಏಮಪ್ಪಾ, ಸೀರೆ ಉಟ್ಟ ಗಾಡಿ ಅಂತ ನಗ್ತಿದ್ರಲ್ಲ, ಈಗ ನೋಡ್ರಿ" ಎಂದು ಪಿಳ್ಳಕ್ಕ ಬೀದಿಗೆಲ್ಲ ಕೇಳುವಂತೆ ಹೇಳಿದರು. ಮೇಷ್ಟ್ರು ಸ್ಟೀರಿಂಗ್ ಹಿಡಿದುಕೊಂಡೇ ತಲೆ ತಗ್ಗಿಸಿ ನಕ್ಕರು. ಎರಡು ವರ್ಷದ ದುಡಿಮೆಗೆ ಅಷ್ಟೇ ಅವರಿಗೆ ಬೇಕಾಗಿದ್ದುದು.

ಮೇಲಿನ ಸೊಪ್ಪು ತಿಂದ ಹುಳುಗಳಿಗೆ ಏನೂ ಆಗಲಿಲ್ಲ. ಹಲಗೆಗೆ ತಾಗಿ ಒದ್ದೆಯಲ್ಲಿ ನೆನೆದಿದ್ದ ತಳದ ಸೊಪ್ಪನ್ನು ಮಾರನೆಯ ದಿನ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಸಾಲು ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ತೂಗಾಡುತ್ತಾ ಹಸಿರು ನೀರು ಕಕ್ಕತೊಡಗಿದವು. ಪಿಳ್ಳಕ್ಕ ಒಂದನ್ನು ಅಂಗೈಯಲ್ಲಿಟ್ಟು ನೋಡಿ, "ಯಾರೋ ಹೊಗೆಸೊಪ್ಪು ಮುಟ್ಟಿದ ಕೈ ಇಟ್ಟವ್ರೆ" ಎಂದರು. ಆ ಮನೆಯಲ್ಲಿ ಹೊಗೆಸೊಪ್ಪು ಹಾಕುತ್ತಿದ್ದವರು ಒಬ್ಬರೇ, ಅವರ ಮಾವ ವೆಂಕಟಪ್ಪ ತಾತ.

"ನಾನು ಒಳಕ್ಕೇ ಬಂದಿಲ್ಲಮ್ಮ" ಎಂದು ತಾತ ಹೇಳಿದರು. ಯಾರೂ ನಂಬಲಿಲ್ಲ. ಸತ್ತ ಹುಳುಗಳನ್ನು ಬುಟ್ಟಿಬುಟ್ಟಿಯಾಗಿ ತಿಪ್ಪೆಗೆ ಸುರಿಯುವಾಗ ಆ ಮುದುಕ ತನ್ನ ಎಲೆಯಡಿಕೆ ಚೀಲವನ್ನು ಚರಂಡಿಗೆ ಎಸೆದು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ಅನ್ನದ ತಟ್ಟೆ ಮುಂದಿಟ್ಟರೂ ಮುಟ್ಟಲಿಲ್ಲ. ಕಚೇರಿಯಿಂದ ಊಟಕ್ಕೆಂದು ಬಂದಿದ್ದ ನನಗೆ ಗೋಡೆಯಾಚೆಯಿಂದ ಹೊಗೆಸೊಪ್ಪು ಎಂಬ ಮಾತು ಕೇಳಿದ ಕ್ಷಣ ಬಚ್ಚಲೊಲೆಯ ಮೇಲೆ ಕುದಿಸಿದ ಕಂತೆ ನೆನಪಾಯಿತು.

ಸಂಜೆ ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. "ಎಷ್ಟು ಸಲ ಬಳ್ದೆ?" ಎಂದು ಮಾತ್ರ ಕೇಳಿದರು. ಮೂರು ಸಲ ಎಂದೆ. ಗಾಡಿಯ ಮೆಟ್ಟಿಲ ಮೇಲೆ ಕೂತರು.

"ನಾನೇ ಹೋಗಿ ಹೇಳ್ತೀನಿ ಸಾರ್" ಎಂದೆ. ನಿಜ ಹೇಳಬೇಕೆಂದರೆ, ಯಾರಾದರೂ ಬೇಡ ಎನ್ನಲಿ ಎಂಬಂಥ ದನಿಯಲ್ಲಿ ಹೇಳಿದ್ದೆ.

"ಬೇಡ. ನನಗಾದ್ರೆ ಬೈತಾರೆ, ನಿನ್ನ ಊರು ಬಿಡಿಸ್ತಾರೆ. ಮೊದ್ಲು ಆ ತಾತ ಊಟ ಮಾಡ್ಲಿ" ಎಂದು ಎದ್ದು ಹೋದರು.

ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. "ಹಲಗೆಗೆ ಹೊಗೆಸೊಪ್ಪಿನ ನೀರು ಬಳ್ದಿದ್ದು ನಮ್ಮನೇಲಿ ಕಣಮ್ಮ. ಗಾಡಿ ನಂದು, ತಪ್ಪೂ ನಂದೇ. ತಾತನ್ನ ಒಳಗೆ ಕರ್ಕೊ" ಎಂದರು ಮೇಷ್ಟ್ರು. ಆಮೇಲೆ ಪಿಳ್ಳಕ್ಕನ ದನಿ ಏರಿತು. ನಾನು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡುಬಿಟ್ಟೆ. ಮುಂದಿನ ಮಾತು ನನಗೆ ಕೇಳಿಸಲಿಲ್ಲ, ಕೇಳಿಸುವುದು ಬೇಡವಾಗಿತ್ತು.

ಮೇಷ್ಟ್ರು ವಾಪಸು ಬಂದು ಹಲಗೆಗಳನ್ನು ಒಬ್ಬರೇ ಕಿತ್ತರು. ಸುಟ್ಟರೆ ಹೊಗೆ ಮಿಕ್ಕ ಹುಳುಗಳಿಗೆ ತಾಗುತ್ತದೆಂದು ಊರಾಚೆ ಹೊತ್ತುಕೊಂಡು ಹೋಗಿ ಹೂತು ಬಂದರು. ಗಾಡಿಯನ್ನು ಅವರು ಬಿಡಲಿಲ್ಲ. ತೊಟ್ಟಿಗೆ ಕಬ್ಬಿಣದ ತಗಡು ಹೊಡೆಸಿದರು, ಭಾನುವಾರದ ಹಾಜರಿಯೂ ನಡೆಯಿತು. ಆದರೆ ಯಾರಾದರೂ ಸೊಪ್ಪಿಗೆ ಗಾಡಿ ಕೇಳಿದರೆ, ಇದು ಸೊಪ್ಪಿನ ಗಾಡಿಯಲ್ಲ ಎಂದುಬಿಡುತ್ತಿದ್ದರು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ನಾನಂತೂ ಎತ್ತುವವನೇ ಅಲ್ಲ. ಮುಂದಿನ ವರ್ಷ ಗೌರಿಬಿದನೂರಿಗೆ ವರ್ಗವಾದಾಗ ಒಳಗೊಳಗೇ ಖುಷಿಪಟ್ಟೆ ಎಂದರೆ ನನ್ನ ಯೋಗ್ಯತೆ ನಿಮಗೆ ತಿಳಿದೀತು. ಮೇಷ್ಟ್ರು ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ, ಅದೂ ತಡವಾಗಿ ಬಂತು. ಗಾಡಿ ಯಾರ ಕೈ ಸೇರಿತೋ ತಿಳಿಯಲಿಲ್ಲ.

ಬಸ್ಸಿನಲ್ಲಿ ಆ ಹಿರಿಯರ ಪಕ್ಕ ಕೂತು ಬಂದ ಮಾರನೆಯ ದಿನವೇ ಶಿಡ್ಲಘಟ್ಟಕ್ಕೆ ಹೋದೆ. ಪಿಳ್ಳಕ್ಕನಿಗೆ ತಲೆ ಪೂರ್ತಿ ಬೆಳ್ಳಗಾಗಿದೆ, ಹುಳ ಮೇಯಿಸುವುದು ಬಿಟ್ಟಿಲ್ಲ. ಹುಳದ ಮನೆಯ ಮುಂದೆಯೇ ಸಿಕ್ಕಿದರು. ಗುರುತು ಹೇಳಿಕೊಂಡೆ. ಆಮೇಲೆ, ಆ ಹಲಗೆಗೆ ಬಳಿದವನು ನಾನು, ಮೇಷ್ಟ್ರಲ್ಲ ಎಂದೆ. ಇಷ್ಟು ವರ್ಷ ಗಂಟಲಲ್ಲಿದ್ದದ್ದು ಎರಡೇ ಮಾತಿನಲ್ಲಿ ಮುಗಿದುಹೋಯಿತು.

"ಹಂಗಾ" ಎಂದರು. ಆಮೇಲೆ ತಾವಾಗಿಯೇ ಶುರುಮಾಡಿದರು. "ಅವತ್ತು ಸಿಟ್ಟಲ್ಲಿ, ಇನ್ಮೇಲೆ ನಮ್ಮ ಹುಳದ ಮನೆ ಹೊಸ್ತಿಲು ತುಳೀಬೇಡಿ ಸಾಮಿ ಅಂದ್ಬಿಟ್ಟೆ. ಮುಂದಿನ ಬೆಳೆ ಹೊತ್ಗೆ ನಾನು ಮರ್ತೇಹೋಗಿದ್ದೆ, ಅವರು ಮರೀಲಿಲ್ಲ. ಹುಳ ಹಣ್ಣಾಗಿ ಗೂಡಿಗೆ ಬಂದಾಗೆಲ್ಲ ಕೈ ಸಾಲ್ದು ಅಂತ ಬರೋರು. ಹೊರಗೇ ನಿಂತ್ಕೊಂಡು ಚಂದ್ರಂಕಿ ಎತ್ತಿ ಎತ್ತಿ ಕೊಡೋರು. ಒಳಕ್ಕೆ ಬನ್ನಿ ಮೇಷ್ಟ್ರೇ ಅಂದ್ರೆ, ಇಲ್ಲೇ ಗಾಳಿ ಚೆನ್ನಾಗೈತೆ ಕಣಮ್ಮ ಅನ್ನೋರು. ಎಷ್ಟು ಬೆಳೆ, ಎಷ್ಟು ವರ್ಷ. ಸಾಯೋವರ್ಗೂ ಅಷ್ಟೆ."

ನನಗೆ ಇದು ಗೊತ್ತಿರಲಿಲ್ಲ. ಬೈಗುಳ ತಿಂದರು, ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಮದುವೆಯಾಗಿ, ಮಕ್ಕಳಾಗಿ, ಪೆನ್ಷನ್ನೂ ತೆಗೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಪಿಳ್ಳಕ್ಕ ನನ್ನನ್ನು ಸಮಾಧಾನ ಮಾಡಲಿಲ್ಲ. ಬಾಗಿಲ ಪಕ್ಕದ ಜಾಗ ತೋರಿಸಿ, "ಅವರು ನಿಲ್ತಿದ್ದುದು ಅಲ್ಲಿ. ಇವತ್ತೂ ಹುಳ ಹಣ್ಣಾಗೈತೆ. ಕೈ ತೊಳ್ಕೊಂಡು ಬಂದು ನಿಂತ್ಕೊ" ಎಂದರು.

ನಿಂತೆ. ಹುಳುಗಳು ಗೂಡು ಕಟ್ಟುವ ಆ ಬಿದಿರಿನ ಚಂದ್ರಂಕಿಗಳು ಆಳೆತ್ತರ ಇರುತ್ತವೆ. ಒಂದೊಂದನ್ನೇ ಎತ್ತಿ ಹೊಸ್ತಿಲ ಹೊರಗಿನಿಂದ ಒಳಗೆ ಚಾಚುತ್ತಾ ಹೋದೆ. ಒಳಗಿನ ಕೈಗಳು ತೆಗೆದುಕೊಳ್ಳುತ್ತಿದ್ದವು. ಮೊದಲ ಗಂಟೆಗೇ ನನ್ನ ಸೊಂಟ ಹಿಡಿಯಿತು. ಬಿಸಿಲು ನೆತ್ತಿಯಿಂದ ಬೆನ್ನಿಗೆ ಇಳಿಯಿತು. ಕೊನೆಯದು ಒಳಗೆ ಹೋದ ಮೇಲೆ ಪಿಳ್ಳಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಒಳಕ್ಕೆ ಬಾರಪ್ಪ, ಕಾಫಿ ಮಾಡ್ತೀನಿ" ಎಂದರು.

"ಇಲ್ಲೇ ಗಾಳಿ ಚೆನ್ನಾಗಿದೆ ಅಕ್ಕ" ಎಂದೆ.

ಗಾಳಿಯೇನೂ ಇರಲಿಲ್ಲ. ಪಿಳ್ಳಕ್ಕ ನನ್ನ ಮುಖವನ್ನೇ ನೋಡಿದರು, ಮತ್ತೆ ಕರೆಯಲಿಲ್ಲ. ಕಾಫಿ ಹೊಸ್ತಿಲ ಹೊರಗೇ ಬಂತು, ನಿಂತುಕೊಂಡೇ ಕುಡಿದೆ.