ಅತ್ತೆ ಕದ್ದ ಸೂಜಿ

ನಮ್ಮತ್ತೆ ಕುರಿ ಕೊಳ್ಳುವಾಗ ಅದರ ಬೆನ್ನು ಹಿಚುಕಿ ನೋಡುತ್ತಿದ್ದರು. ಮೂಳೆ ಕೈಗೆ ಸಿಗದಿದ್ದರೆ ಮೈಯಲ್ಲಿ ನೆಣ ಇದೆ ಎಂದರ್ಥ. ನಾನು ಮದುವೆಯಾಗಿ ದೇವಸಮುದ್ರದಿಂದ ದೊಡ್ಡಉಳ್ಳಾರ್ತಿಗೆ ಬಂದ ಹೊಸದರಲ್ಲೇ, ನೆಂಟರ ಮುಂದೆ ನನ್ನ ಬೆನ್ನನ್ನೂ ಹಾಗೇ ಹಿಚುಕಿದರು. "ಲೇ, ಇದನ್ನ ಸಂತೆಗೆ ಹೊಡ್ಕೊಂಡೋದ್ರೆ ಎರಡು ಟಗರಿನ ರೇಟು ಬರ್ತೈತೆ" ಎಂದರು. ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕ. ನಾನು ಎರಡನೇ ಮುದ್ದೆಗೆ ಕೈ ಹಾಕಿದರೆ ಸಾಕು, "ಮೇವು ಸಾಕಾಗ್ಲಿಲ್ವೇನೇ?" ಹದಿನೆಂಟು ವರ್ಷ ಇದನ್ನೇ ಕೇಳಿದೆ. ಆ ಮುದುಕಿಯ ಮೇಲೆ ನನಗೆ ಎಂಥ ಸಿಟ್ಟಿತ್ತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ. ಅತ್ತೆ ಒಣಗಿದ ಕಡ್ಡಿ, ಅವರಿಗೆ ದಿನಾ ಇನ್ಸುಲಿನ್. ನನಗೆ ಹೋದ ವರ್ಷ ಚಳ್ಳಕೆರೆಯ ಡಾಕ್ಟರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೂಜಿಮದ್ದಿನ ಪೆನ್ನು ಬರೆದುಕೊಟ್ಟರು. ಸಕ್ಕರೆಯ ಜೊತೆ ತೂಕವೂ ಇಳಿಯುತ್ತದೆ ಎಂದರು. ಇಳಿಯಿತು ನೋಡಿ! ಮೊದಲ ತಿಂಗಳು ಬರೀ ಓಕರಿಕೆ, ಆಮೇಲೆ ಅರ್ಧ ಮುದ್ದೆಗೇ ಹೊಟ್ಟೆ ತುಂಬುತ್ತಿತ್ತು. ಐದು ತಿಂಗಳಿಗೆ ರವಿಕೆಗಳೆಲ್ಲ ಸಡಿಲವಾದವು. ಬೀದಿಯ ಹೆಂಗಸರು "ಏನ್ರೀ, ಹುಡುಗಿ ಆಗ್ಬಿಟ್ರಲ್ಲ!" ಎಂದಾಗ ಅತ್ತೆಯ ಮುಖ ನೋಡಬೇಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

"ಒಳ್ಳೆ ಮದ್ದು ತಾನಿಟ್ಕಂಡು ನನಗೆ ಅಗ್ಗದ್ದು ಕೊಡಿಸ್ಯಾಳೆ" ಎಂದು ಮಗನ ಹತ್ತಿರ ಗೊಣಗಿದರು. ಅವರದು ಕುರಿ ಸಾಕಿದವರ ಬುದ್ಧಿ: ಬಡಕಲು ಕುರಿಗೆ ಒಳ್ಳೆ ಮದ್ದು ಬಿದ್ದರೆ ಮೈ ತುಂಬಬೇಕು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಅತ್ತೆ ಫ್ರಿಜ್ಜಿನಿಂದ ನನ್ನ ಪೆನ್ನು ತೆಗೆದು, ಸೆರಗು ಸರಿಸಿ, ಹೊಟ್ಟೆಯ ತೊಗಲು ಹಿಡಿದು ಚುಚ್ಚಿಕೊಂಡರು. ಕುರಿಗಳಿಗೆ ಚುಚ್ಚಿ ಪಳಗಿದ ಕೈ.

"ಅತ್ತೆ, ಅದು ನಿಮಗಲ್ಲ" ಎನ್ನಬೇಕಿತ್ತು. ಎನ್ನಲಿಲ್ಲ.

ವಾರ ವಾರವೂ ಕದ್ದು ಚುಚ್ಚಿಕೊಂಡರು. ಪೆನ್ನು ಬೇಗ ಮುಗಿದರೆ ನಾನೇ ಮಾತಾಡದೆ ಹೊಸದು ತಂದಿಟ್ಟೆ. ಅತ್ತೆಗೆ ಅನ್ನ ಸೇರುತ್ತಿರಲಿಲ್ಲ, ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡುತ್ತಿದ್ದರು. "ಯಾಕತ್ತೆ, ಮೇವು ಸೇರ್ತಿಲ್ವಾ?" ಎಂದು ಕೇಳಿದೆ. ನನ್ನ ಹೊಟ್ಟೆ ತಣ್ಣಗಾಯಿತು. ಇನ್ಸುಲಿನ್ ಮಾತ್ರ ಅವರು ಒಂದು ದಿನವೂ ತಪ್ಪಿಸಲಿಲ್ಲ. ಉಣ್ಣದೆ ಇನ್ಸುಲಿನ್ ತಗೊಂಡರೆ ಸಕ್ಕರೆ ತಳ ಸೇರಿ ಪ್ರಾಣಕ್ಕೇ ಕುತ್ತು ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೇ ವಾರ ಹಿತ್ತಲಲ್ಲಿ ಬೆವರಿ ಬಿದ್ದರು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟರು. "ಅಜ್ಜಿ, ಬೇರೆ ಏನಾದ್ರೂ ಔಷಧಿ ತಗೊಂಡ್ರಾ?" ಎಂದು ಡ್ಯೂಟಿಯ ಡಾಕ್ಟರು ಕೇಳಿದರು.

"ಏನೂ ಇಲ್ರಿ. ಈ ಸೊಸೆ ಹೊಟ್ಟೆಗೆ ಸರಿಯಾಗಿ ಇಕ್ಕಲ್ಲ, ಅಷ್ಟೇಯ."

ಗಂಡ, ನಾದಿನಿ, ಪಕ್ಕದ ಮಂಚದವರು, ಎಲ್ಲರೂ ನನ್ನತ್ತ ತಿರುಗಿದರು. ಚೆನ್ನಾಗಿ ಊಟ ಕೊಡಿ, ಇನ್ಸುಲಿನ್ ಹಾಗೇ ಮುಂದುವರಿಸಿ ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಳ್ಳಿ ಇದು! ನನ್ನ ಪೆನ್ನು ಕದ್ದು ಚುಚ್ಕೊಂಡೈತೆ! ಕಣ್ಣಾರೆ ನೋಡೀನಿ!" ಎಂದು ವಾರ್ಡೆಲ್ಲ ಕೇಳುವಂತೆ ಕಿರುಚಿದೆ.

ಡಾಕ್ಟರು ಬರೆದ ಚೀಟಿ ಹರಿದು ಹಾಕಿದರು. ಆ ಮದ್ದು ಮೈಯಲ್ಲಿ ವಾರಗಟ್ಟಲೆ ಇರುತ್ತದಂತೆ, ಅಲ್ಲಿಯವರೆಗೆ ಇನ್ಸುಲಿನ್ ಕಡಿಮೆ ಮಾಡಬೇಕಂತೆ. "ಹೇಳಿದ್ದು ಒಳ್ಳೇದಾಯ್ತಮ್ಮ, ಇಲ್ಲಾಂದ್ರೆ ಅಜ್ಜಿ ಮನೇಲೇ ಹೋಗ್ಬಿಡ್ತಿದ್ರು" ಎಂದರು. ನಾದಿನಿ ನನ್ನ ಕೈ ಹಿಡಿದು ಅತ್ತಳು. ನಾನು ಹೇಳಿದ್ದು ಉಳಿಸಬೇಕು ಅಂತಲ್ಲ, ಮಾನ ಕಳೆಯಬೇಕು ಅಂತ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಕಣ್ಣಾರೆ ನೋಡಿದ್ಯೇನೇ? ಯಾವಾಗ?"

"ಮೊದಲ್ನೇ ದಿನಾನೇ, ಅತ್ತೆ" ಎಂದೆ.