ಹಾಲು ಉಕ್ಕುವ ತನಕ

ಎಂಬತ್ತರ ದಶಕದಲ್ಲಿ ನಾನು ರಾಣೆಬೆನ್ನೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದಾಗ ಗೆಳೆಯರೆಲ್ಲ ಸೇರಿ ಒಂದು ಚಿತ್ರ ಸಮಾಜ ಕಟ್ಟಿದ್ದೆವು. ಹಾಡಿಲ್ಲದ, ಕತೆಯಿಲ್ಲದ, ಕೆಲವೊಮ್ಮೆ ಮಾತೂ ಇಲ್ಲದ ಪರದೇಶದ ಪ್ರಯೋಗಾತ್ಮಕ ಚಿತ್ರಗಳನ್ನು ತರಿಸಿ ನೋಡುತ್ತಿದ್ದೆವು. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ನನಗೆ ಕಬ್ಬಿಣದ ಕಡಲೆ. ಆದರೂ ಕತ್ತಲಲ್ಲಿ ಕೂತು, ಈಗೇನೋ ಆಗುತ್ತದೆ, ಈಗೇನೋ ಆಗುತ್ತದೆ ಎಂದು ಕಾಯುವುದು ಬಲು ಇಷ್ಟವಾಗಿತ್ತು. ನಡುವೆ ಎದ್ದು ಹೋಗುವವರನ್ನು ಕಂಡರೆ ಮೈ ಉರಿಯುತ್ತಿತ್ತು.

ಎದ್ದು ಹೋಗುವವರೇ ಹೆಚ್ಚಾಗಿ, ಟಾಕೀಸಿನವರು ಜಾಗ ಕೊಡುವುದನ್ನು ನಿಲ್ಲಿಸಿದರು. ಆಗ ನೆನಪಾದದ್ದು ಬ್ಯಾಡಗಿಯಲ್ಲಿದ್ದ ಅಪ್ಪನ ಮೆಣಸಿನಕಾಯಿ ಗೋದಾಮು. ಅಪ್ಪ ಹಳೇ ವ್ಯಾಪಾರಿ. ಚೀಲದೊಳಗೆ ಮುಖ ಇಟ್ಟು ಮೂಸಿದರೂ ಸೀನು ಬರುತ್ತಿರಲಿಲ್ಲ, ಕಣ್ಣಲ್ಲಿ ಹನಿ ನೀರಾಡುತ್ತಿರಲಿಲ್ಲ. ಆ ವರ್ಷ ಅವ್ವ ತೀರಿಕೊಂಡಿದ್ದಳು. ಬಂಧುಬಳಗವೆಲ್ಲ ಅತ್ತರೂ ಅಪ್ಪ ಅಳಲಿಲ್ಲ. ಆಮೇಲೆ ಅವಳ ಮಾತನ್ನೇ ಎತ್ತಲಿಲ್ಲ. ದುಃಖವನ್ನು ಹೀಗೆ ನುಂಗಿಕೊಂಡು ಅಪ್ಪನೂ ಎಲ್ಲಿ ಹಾಸಿಗೆ ಹಿಡಿಯುತ್ತಾರೋ ಎಂದು ನನಗೆ ಹೆದರಿಕೆ. ನಾಲ್ಕು ಜನರ ನಡುವೆ ಕೂರಲಿ ಎಂದೇ ಗೋದಾಮು ಕೇಳಿದೆ.

ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದು ನಾಲಿಗೆಯ ಮಾತು, ಮೂಗಿನದಲ್ಲ. ಚೀಲಗಳು ಖಾಲಿಯಾಗಿದ್ದರೂ ಘಾಟು ಗೋಡೆಗೇ ಹತ್ತಿಕೊಂಡಿತ್ತು. ಗೆಳೆಯರೆಲ್ಲ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಕೂತರು, ಅವರ ನಡುವೆ ಅಪ್ಪನೂ ಕೂತರು. ಪರದೆಯ ಮೇಲೆ ಒಬ್ಬ ಮುದುಕಿ ಹಾಲು ಕಾಯಲಿಟ್ಟು ಒಲೆಯ ಮುಂದೆ ನಿಂತಿದ್ದಳು. ಅಷ್ಟೇ. ಕ್ಯಾಮೆರಾ ಅಲುಗಾಡಲಿಲ್ಲ, ಮುದುಕಿಯೂ ಅಲುಗಾಡಲಿಲ್ಲ.

"ಹಾಲು ಉಕ್ಕಿದ ಮ್ಯಾಲ ಎಬ್ಬಸ್ರಿ," ಎಂದು ನಮ್ಮ ಟೇಲರ್ ಗೆಳೆಯ ಗೋಡೆಗೆ ಒರಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಪ್ಪ ನಗಲಿಲ್ಲ. ಆಗ ನನಗೂ ಹೊಳೆಯಿತು. ಅವ್ವ ಹೀಗೇ ನಿಲ್ಲುತ್ತಿದ್ದಳು, ಸೊಂಟದ ಮೇಲೆ ಕೈಯಿಟ್ಟು. ಊಟಕ್ಕೆ ಹೊತ್ತಾಯಿತೆಂದು ಅಪ್ಪ ಎಷ್ಟು ಕೂಗಿದರೂ ಹಾಲು ಉಕ್ಕುವ ತನಕ ಒಲೆ ಬಿಟ್ಟು ಕದಲುತ್ತಿರಲಿಲ್ಲ. ಪರದೆಯ ಮೇಲಿನ ಹಾಲು ಉಕ್ಕಿತು. ಮುದುಕಿ ಸೆರಗಿಲ್ಲದ ತನ್ನ ಪರದೇಶದ ಉಡುಪಿನ ಅಂಚಿನಿಂದಲೇ ಪಾತ್ರೆ ಹಿಡಿದು ಇಳಿಸಿದಳು. ತಿರುಗಿ ನೋಡಿದರೆ ಅಪ್ಪನ ಕೆನ್ನೆಗಳು ತೊಯ್ದಿದ್ದವು. ಟವೆಲ್ಲಿನಿಂದ ಒರೆಸಿಕೊಂಡಷ್ಟೂ ನೀರು ಇಳಿಯುತ್ತಿತ್ತು. ನನ್ನ ಎದೆ ಹಗುರಾಯಿತು.

ದೀಪ ಹಾಕಿದಾಗ ನಾನು ನೋಡುತ್ತಿರುವುದು ಕಂಡು, "ಘಾಟು ಭಾಳ ಐತಿ ಇವತ್ತ," ಎಂದರು.

"ಹೌದಪ್ಪಾ, ಭಾಳ ಐತಿ," ಎಂದೆ.